ಬಾನಗೆರೆಯನ್ನು ಎಳೆದವರು

ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯ ಭಾಗ ಬಂದಾಗ ತರಗತಿಯಲ್ಲಿ ಆಕಳಿಕೆ ಹಬ್ಬುವುದು ನನ್ನ ಇಪ್ಪತ್ತು ವರ್ಷಗಳ ಅನುಭವ. ಕೋಟೆ, ಕಂದಕ, ಕೆರೆ, ಅಂಗಡಿಬೀದಿ, ಕೊನೆಗೆ ಮುಗಿಲು ಮುಟ್ಟುವ ಉಪ್ಪರಿಗೆಗಳು. ಕವಿ ಬೇರೆಯಾದರೂ ಊರು ಬೇರೆಯಾದರೂ ಉಪ್ಪರಿಗೆಗಳ ಎತ್ತರ ಮಾತ್ರ ಒಂದೇ. ಇಂಥವುಗಳಿಗೆ ಸಂಸ್ಕೃತದಲ್ಲಿ ‘ಅಭ್ರಂಲಿಹ’ ಎಂಬ ಸೊಗಸಾದ ವಿಶೇಷಣವೂ ಉಂಟು: ಮೋಡವನ್ನು ನೆಕ್ಕುವಂಥದು. ಎರಡು ವರ್ಷಗಳ ಹಿಂದೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಅಷ್ಟು ಎತ್ತರದ ಮನೆಗಳ ನೆರಳು ಯಾರ ಮನೆಯ ಮೇಲೆ ಬೀಳುತ್ತಿತ್ತು?” ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕು ಮುಂದಿನ ಪದ್ಯಕ್ಕೆ ಹೋದೆ. ಕಳೆದ ಬೇಸಗೆಯ ಎರಡು ತಿಂಗಳನ್ನು ಕೆನಡಾದ ಟೊರಾಂಟೊ ನಗರದಲ್ಲಿ ತಂಗಿಯ ಮನೆಯಲ್ಲಿ ಕಳೆದು ಬಂದ ಮೇಲೆ, ಆ ದಿನ ನಾನು ನಗಬಾರದಾಗಿತ್ತು ಎನ್ನಿಸಿದೆ.

ತಂಗಿಯ ಮನೆ ಇರುವುದು ಮೂವತ್ತೊಂದನೆಯ ಅಂತಸ್ತಿನಲ್ಲಿ. ಅವರು ಅದನ್ನು ಕೊಂಡಾಗ ಕಿಟಕಿಯ ತುಂಬ ಆಂಟೇರಿಯೊ ಸರೋವರ ಕಾಣುತ್ತಿತ್ತಂತೆ. ಈಗ ಎದುರಿಗೆ ಎರಡು ಹೊಸ ಗೋಪುರಗಳು ಎದ್ದಿವೆ. ಅವುಗಳ ನಡುವೆ ಅಂಗೈಯಗಲದ ನೀರು ಉಳಿದಿದೆ. ಆ ಕಿಟಕಿಯ ಬಳಿ ಕುಳಿತು ಉತ್ತರ ಅಮೆರಿಕದ ನಗರಗಳನ್ನು ಕುರಿತು ಓದುತ್ತಿದ್ದಾಗ, ಅಲ್ಲಿಂದ ಶಿಕಾಗೋ ನ್ಯೂಯಾರ್ಕುಗಳಿಗೆ ಹೋಗಿ ಬಂದಾಗ, ನನ್ನ ತಲೆಯಲ್ಲಿ ಸುತ್ತುತ್ತಿದ್ದುದು ಆ ಹುಡುಗಿಯ ಪ್ರಶ್ನೆಯೇ.

ನಗರವೊಂದು ದೂರದಿಂದ ಆಕಾಶದ ಮೇಲೆ ಬರೆಯುವ ಅಂಚಿಗೆ ಇಂಗ್ಲಿಷಿನಲ್ಲಿ ಸ್ಕೈಲೈನ್ ಎನ್ನುತ್ತಾರೆ. ಕನ್ನಡದಲ್ಲಿ ಒಪ್ಪಿತವಾದ ಪದವಿಲ್ಲದ್ದರಿಂದ ‘ಬಾನಗೆರೆ’ ಎಂದು ಕರೆಯುವ ಸ್ವಾತಂತ್ರ್ಯ ವಹಿಸಿದ್ದೇನೆ, ವಾಚಕರು ಮನ್ನಿಸಬೇಕು. ಈ ಗೆರೆಯನ್ನು ಎಳೆಯುವುದು ಹಣ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಅದು ಅರ್ಧ ಸತ್ಯವೆಂದು ನನಗೆ ತೋರುತ್ತದೆ. ಹಣವೊಂದೇ ಸಾಕಾಗಿದ್ದರೆ ವಾಷಿಂಗ್ಟನ್ ನಗರದಲ್ಲಿ ಗಗನಚುಂಬಿಗಳ ಕಾಡೇ ಇರಬೇಕಾಗಿತ್ತು. ಅಲ್ಲಿ ಒಂದೂ ಇಲ್ಲ. ಸಂಸತ್ ಭವನದ ಗುಮ್ಮಟಕ್ಕಿಂತ ಎತ್ತರ ಕೂಡದೆಂಬ ನಿಯಮವಿದೆ ಎಂದು ಎಲ್ಲರೂ ಹೇಳುವರು. ನಿಜವಾಗಿ 1910ರ ಕಾನೂನು ಎತ್ತರವನ್ನು ಕಟ್ಟುವುದು ಎದುರಿನ ಬೀದಿಯ ಅಗಲಕ್ಕೆ. ಫಿಲಡೆಲ್ಫಿಯದಲ್ಲಿ ಕಾನೂನೂ ಇರಲಿಲ್ಲ. ಪುರಭವನದ ನೆತ್ತಿಯಲ್ಲಿ ನಿಂತ ವಿಲಿಯಂ ಪೆನ್ನನ ವಿಗ್ರಹದ ಟೋಪಿಯನ್ನು ಯಾರೂ ಮೀರಬಾರದೆಂಬ ದೊಡ್ಡವರ ಒಪ್ಪಂದವೊಂದೇ ದಶಕಗಟ್ಟಲೆ ನಡೆಯಿತು. 1987ರಲ್ಲಿ ಒಂದು ಕಟ್ಟಡ ಅದನ್ನು ಮೀರಿತು, ಬಳಿಕ ಮತ್ತೆ ಯಾರೂ ಕೇಳಲಿಲ್ಲ. ಏನು ಎಲ್ಲಕ್ಕಿಂತ ಮೇಲಿರಬೇಕು, ಅದನ್ನು ಯಾರು ನಿಶ್ಚಯಿಸಬೇಕು ಎಂಬ ವಾದದ ಬರಹವೇ ಬಾನಗೆರೆ. ಹಣ ಆ ವಾದದಲ್ಲಿ ಒಬ್ಬ ಪ್ರಬಲ ವಕೀಲ ಮಾತ್ರ.

ಶಿಕಾಗೋ ನಗರದಲ್ಲಿ ಈ ವಾದ ಅಕ್ಷರಶಃ ನ್ಯಾಯಾಲಯದಲ್ಲಿಯೇ ನಡೆಯಿತು. 1871ರ ಮಹಾ ಅಗ್ನಿಯಲ್ಲಿ ಸುಟ್ಟ ಊರು ಅದು. ಮತ್ತೆ ಕಟ್ಟುವಾಗ, 1885ರಲ್ಲಿ, ಗೋಡೆಯ ಬದಲು ಲೋಹದ ಚೌಕಟ್ಟು ಭಾರ ಹೊರುವ ಹತ್ತು ಅಂತಸ್ತಿನ ಹೋಂ ಇನ್ಶೂರೆನ್ಸ್ ಕಟ್ಟಡ ಅಲ್ಲಿ ಎದ್ದಿತು. ಗಗನಚುಂಬಿಗಳ ಮೂಲಪುರುಷನೆಂದು ಹೆಸರಾದ ಅದನ್ನು 1931ರಲ್ಲಿ ಕೆಡವಿಯೂ ಬಿಟ್ಟರು. ಚೌಕಟ್ಟಿನಷ್ಟೇ ದೊಡ್ಡ ಕ್ರಾಂತಿಯನ್ನು ಮಾಡಿದ್ದು ಲಿಫ್ಟು. ಅದಕ್ಕೆ ಮುಂಚೆ ಮೇಲಿನ ಮಹಡಿ ಬಡವರದು, ಆಳುಗಳದು: ಮೆಟ್ಟಿಲು ಹತ್ತುವ ಕಷ್ಟ ಅವರದಾಗಿತ್ತು. ಲಿಫ್ಟು ಬಂದ ಮೇಲೆ ಎತ್ತರಕ್ಕೆ ಬೆಲೆ ಬಂತು, ಬಡವರು ಕೆಳಗಿಳಿದರು.

ಆ ನಗರದ ಬಾನಗೆರೆ ಇಂದಿಗೂ ಅಷ್ಟು ಚೆನ್ನಾಗಿ ಕಾಣಲು ಕಾರಣ ಮಾತ್ರ ಶಿಲ್ಪಿಗಳಲ್ಲ, ಒಬ್ಬ ವ್ಯಾಪಾರಿ. ಅಂಚೆಯ ಮೂಲಕ ಸಾಮಾನು ಮಾರಿ ಶ್ರೀಮಂತನಾದ ಮಾಂಟ್‌ಗೊಮೆರಿ ವಾರ್ಡ್. ಮಿಚಿಗನ್ ಸರೋವರದ ದಂಡೆಯ ಬಯಲು ಬಯಲಾಗಿಯೇ ಇರತಕ್ಕದ್ದೆಂದು 1836ರ ನಕ್ಷೆಯೊಂದರಲ್ಲಿ ಬರೆದಿತ್ತು. ಆ ಒಂದು ಮಾತನ್ನು ಹಿಡಿದು 1890ರಿಂದ ಸುಮಾರು ಇಪ್ಪತ್ತು ವರ್ಷ ಅವನು ನಗರಾಡಳಿತದ ಮೇಲೆ ದಾವೆ ಹೂಡುತ್ತಲೇ ಇದ್ದ. ವಸ್ತುಸಂಗ್ರಹಾಲಯ ಕಟ್ಟುತ್ತೇವೆಂದರೂ ಒಪ್ಪಲಿಲ್ಲ. ಸ್ನೇಹಿತರು ದೂರವಾದರು, ಪತ್ರಿಕೆಗಳು ಹೀಗಳೆದುವು, ಗೆಲುವು ಅವನದಾಯಿತು. ಅವನ ಕಚೇರಿಯ ಕಿಟಕಿ ಆ ಬಯಲಿಗೇ ತೆರೆದಿತ್ತೆಂಬುದನ್ನೂ ಮರೆಯಬಾರದು. ಸ್ವಾರ್ಥವೋ ಪರಾರ್ಥವೋ, ಇಂದು ಗ್ರಾಂಟ್ ಪಾರ್ಕಿನ ಹುಲ್ಲಿನ ಮೇಲೆ ಕಾಸಿಲ್ಲದವನೂ ಮಲಗಿ ಗೋಪುರಗಳನ್ನು ನೋಡಬಹುದು. ನಾನು ಒಂದು ಸಂಜೆ ಹಾಗೆ ಮಲಗಿ ನೋಡಿದೆ. 1974ರಲ್ಲಿ ಮುಗಿದ, 442 ಮೀಟರು ಎತ್ತರದ, 1998ರವರೆಗೆ ಲೋಕದಲ್ಲೆಲ್ಲ ಎತ್ತರದ ಕಟ್ಟಡವೆನಿಸಿದ್ದ ಸಿಯರ್ಸ್ ಗೋಪುರ ಅಲ್ಲಿಂದ ಕಾಣುತ್ತದೆ. ಈಗ ಅದರ ಹೆಸರು ವಿಲಿಸ್. ಒಂಬತ್ತು ಕೊಳವೆಗಳನ್ನು ಕಂತೆಕಟ್ಟಿದಂತೆ ಅದನ್ನು ನಿಲ್ಲಿಸಿದ ಎಂಜಿನಿಯರು ಢಾಕಾದಲ್ಲಿ ಹುಟ್ಟಿ ಕಲಕತ್ತೆಯ ಬಳಿಯ ಶಿಬಪುರದಲ್ಲಿಯೂ ಓದಿದ ಫಜ್ಲುರ್ ರಹಮಾನ್ ಖಾನ್. ಕಟ್ಟಡದ ಹೆಸರು ಬದಲಾಯಿತು. ಗಾಳಿಗೆ ಅದು ನಿಲ್ಲುವ ಬಗೆ ಅವನದೇ.

ನ್ಯೂಯಾರ್ಕಿನ ಕಥೆ ನೇರವಾಗಿ ನೆರಳಿನದು. 1915ರಲ್ಲಿ ಈಕ್ವಿಟಬಲ್ ಕಟ್ಟಡ ತನ್ನ ನಿವೇಶನದ ನಾಲ್ಕು ಅಂಚಿನಿಂದಲೂ ನೆಟ್ಟಗೆ ಎದ್ದು ನೆರೆಹೊರೆಯ ಎಕರೆಗಟ್ಟಲೆ ಜಾಗವನ್ನು ಕತ್ತಲೆಗೆ ನೂಕಿತು. ಮರುವರ್ಷವೇ, 1916ರಲ್ಲಿ, ವಲಯ ನಿಯಮ ಬಂತು: ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು, ನಿವೇಶನದ ಕಾಲುಭಾಗದ ಮೇಲೆ ಮಾತ್ರ ಎಷ್ಟು ಎತ್ತರವಾದರೂ ಹೋಗಬಹುದು. 1931ರ ಎಂಪೈರ್ ಸ್ಟೇಟ್ ಕಟ್ಟಡವನ್ನು ಕಂಡಾಗ ನಮ್ಮವರಿಗೆ ದೇವಾಲಯದ ಗೋಪುರ ನೆನಪಾಗುವುದು ಸಹಜ. ಆ ಮೆಟ್ಟಿಲು ಮೆಟ್ಟಿಲಾದ ರೂಪವನ್ನು ಶಿಲ್ಪಿಯ ಕಲ್ಪನೆಗಿಂತ ಹೆಚ್ಚಾಗಿ ಕೊಟ್ಟದ್ದು ಕೆಳಗಿನ ಬೀದಿಗೆ ಬಿಸಿಲು ಬೇಕೆಂದ ಕಾನೂನು. ಒಂದು ಕಟ್ಟಳೆ ಇಷ್ಟು ಚೆಲುವನ್ನು ಹೆತ್ತದ್ದು ಛಂದಶ್ಶಾಸ್ತ್ರ ಕಲಿಸುವ ನನ್ನಂಥವನಿಗೆ ಸಮಾಧಾನದ ಸಂಗತಿ.

ಕಟ್ಟಳೆಗೆ ಸಂದುಗಳೂ ಇರುತ್ತವೆ. ಕಟ್ಟುವ ಹಕ್ಕಿದ್ದೂ ಕಟ್ಟದೆ ಉಳಿದ ಎತ್ತರವನ್ನು ನೆರೆಯವನಿಗೆ ಮಾರುವ ಪದ್ಧತಿ ಆ ಊರಿನಲ್ಲಿದೆ. ಅದಕ್ಕೆ ಗಾಳಿಯ ಹಕ್ಕು ಎನ್ನುತ್ತಾರೆ. ಅಕ್ಕಪಕ್ಕದವರ ಗಾಳಿಯನ್ನೆಲ್ಲ ಕೊಂಡು ಒಂದೇ ಕಡೆ ಪೇರಿಸಿದ್ದರಿಂದ ಸೆಂಟ್ರಲ್ ಪಾರ್ಕಿನ ದಕ್ಷಿಣಕ್ಕೆ, 57ನೆಯ ಬೀದಿಯ ಆಸುಪಾಸಿನಲ್ಲಿ, ಪೆನ್ಸಿಲಿನಂಥ ಗೋಪುರಗಳು ಎದ್ದವು. ಸ್ಟೈನ್ವೇ ಗೋಪುರದ ಎತ್ತರ 435 ಮೀಟರು, ಅಗಲ ಅದರ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು! ಸೆಂಟ್ರಲ್ ಪಾರ್ಕ್ ಗೋಪುರ 472 ಮೀಟರು, ಬಹುಪಾಲು ವಾಸಕ್ಕಾಗಿ. ಆದರೆ ಅಲ್ಲಿನ ಮನೆಗಳನ್ನು ಕೊಂಡವರಲ್ಲಿ ಅನೇಕರು ವರ್ಷದಲ್ಲಿ ಕೆಲವು ವಾರಗಳೂ ಅಲ್ಲಿರರು. ಅದೇ ಸಾಲಿನ 432 ಪಾರ್ಕ್ ಅವೆನ್ಯೂ ಕಟ್ಟಡದ ನಿವಾಸಿಗಳು ನೀರು ಸೋರುತ್ತದೆ, ಲಿಫ್ಟು ನಿಲ್ಲುತ್ತದೆ, ಗಾಳಿಗೆ ಗೋಡೆ ಕಿರುಗುಟ್ಟುತ್ತದೆ ಎಂದು 2021ರಲ್ಲಿ ದಾವೆ ಹೂಡಿದರು. ಓದಿದಾಗ ನನಗೆ ಸ್ವಲ್ಪ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಚಳಿಗಾಲದ ಮಧ್ಯಾಹ್ನ ಆ ಗೋಪುರಗಳ ನೆರಳು ಉದ್ಯಾನದ ಮೇಲೆ ಉದ್ದಕ್ಕೆ ಚಾಚುತ್ತದೆ. ಅಲ್ಲಿ ಆಡುವ ಮಕ್ಕಳಿಗೆ ಗಾಳಿಯ ಹಕ್ಕಿನಲ್ಲಿ ಪಾಲಿಲ್ಲ.

ಇದರಿಂದ ಎತ್ತರವೇ ಅನ್ಯಾಯವೆಂದು ತೀರ್ಮಾನಿಸುವುದು ಸುಲಭ. ನಾನೂ ಹಾಗೆಯೇ ತಿಳಿದಿದ್ದೆ. ಟೊರಾಂಟೊ ಆ ತಿಳಿವನ್ನು ಕದಡಿತು. 553 ಮೀಟರಿನ ಸಿ.ಎನ್. ಗೋಪುರ 1976ರಲ್ಲಿ ಅಲ್ಲಿ ನಿಂತಾಗ ಸುತ್ತ ಹೆಚ್ಚೇನೂ ಇರಲಿಲ್ಲ. ಈಗ ಅದರ ಮೊಣಕಾಲನ್ನು ಗಾಜಿನ ಗೋಪುರಗಳು ಮುತ್ತಿವೆ. ವಿಚಿತ್ರವೆಂದರೆ ರೈಲು ನಿಲ್ದಾಣದ ಬಳಿ ಐವತ್ತು ಅಂತಸ್ತು, ಅಲ್ಲಿಂದ ಐದು ನಿಮಿಷ ನಡೆದರೆ ಹುಲ್ಲುಹಾಸಿನ ನಡುವೆ ಎರಡಂತಸ್ತಿನ ಒಂಟಿಮನೆ. ಮಧ್ಯದ್ದು ಯಾವುದೂ ಇಲ್ಲ. ವಾಸದ ನೆಲದ ಬಹುಪಾಲಿನಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮ ಬಹುಕಾಲ ಇತ್ತು. ನಾಲ್ಕು ಮನೆಗಳವರೆಗೆ ಕಟ್ಟಬಹುದೆಂದು ನಗರಸಭೆ ಒಪ್ಪಿದ್ದು 2023ರಲ್ಲಿ. ಹಾಗಾಗಿ ಊರಿಗೆ ಬಂದ ಜನರನ್ನೆಲ್ಲ ಉಳಿದ ಚೂರು ನೆಲದ ಮೇಲೆ ಪೇರಿಸಬೇಕಾಯಿತು. ಗೋಪುರವನ್ನು ಅಷ್ಟು ಎತ್ತರಕ್ಕೆ ಒತ್ತಿದ್ದು ಪಕ್ಕದ ಬೀದಿಯ ತಗ್ಗು ಮನೆಯೇ. ಅಲ್ಲಿಯೂ ಬಹಳ ಫ್ಲಾಟುಗಳನ್ನು ಕೊಂಡವರು ವಾಸಿಸಬೇಕಾದವರಲ್ಲ, ಬೆಲೆ ಏರಲೆಂದು ಕಾದವರು. 2022ರಿಂದ ಬಡ್ಡಿ ಏರಿತು. 2024ರಲ್ಲಿ ಹೊಸ ಫ್ಲಾಟುಗಳ ಮಾರಾಟ ಸುಮಾರು ಮೂರು ದಶಕಗಳಲ್ಲೇ ಕನಿಷ್ಠಕ್ಕೆ ಇಳಿಯಿತು. ಮನೆಯಿಲ್ಲದವರೂ ಕೊಳ್ಳುವವರಿಲ್ಲದ ಮನೆಗಳೂ ಒಂದೇ ಊರಿನಲ್ಲಿ!

ಪಶ್ಚಿಮ ಕರಾವಳಿಯ ವ್ಯಾಂಕೂವರನ್ನು ನಾನು ಕಂಡಿಲ್ಲ. ಆದರೆ ಈ ವಿಚಾರದಲ್ಲಿ ಅದನ್ನು ಬಿಡುವಂತಿಲ್ಲ. ಉತ್ತರದ ಪರ್ವತಗಳು ಊರಿನ ಗೊತ್ತಾದ ತಾಣಗಳಿಂದ ಕಾಣುತ್ತಲೇ ಇರಬೇಕು, ಆ ನೋಟಕ್ಕೆ ಅಡ್ಡವಾಗಿ ಏನೂ ಏಳಕೂಡದು ಎಂದು ಆ ನಗರ 1989ರಲ್ಲಿ ನಿಯಮ ಮಾಡಿತು. ಬೆಟ್ಟವನ್ನೇ ಬಾನಗೆರೆಯನ್ನಾಗಿ ಇಟ್ಟುಕೊಂಡ ಊರು ಎಂದು ಮೊದಲು ಮನಸ್ಸು ತುಂಬಿ ಬಂತು. 2024ರಲ್ಲಿ ಮನೆಗಳ ಅಭಾವದಿಂದ ಆ ನಿಯಮವನ್ನು ಕೆಲವೆಡೆ ಸಡಿಲಿಸಿದರು. ಅದೇ ನಗರದ ಬರಾರ್ಡ್ ಸೇತುವೆಯ ಬಳಿ ಸೆನಾಕ್ವ್ ಎಂಬಲ್ಲಿ ಸ್ಕ್ವಾಮಿಶ್ ಎಂಬ ಮೂಲನಿವಾಸಿಗಳ ಹಳ್ಳಿಯಿತ್ತು. 1913ರಲ್ಲಿ ಅವರನ್ನು ದೋಣಿಯಲ್ಲಿ ಸಾಗಿಸಿ ಮನೆಗಳನ್ನು ಸುಟ್ಟರು. ದೀರ್ಘವಾದ ವ್ಯಾಜ್ಯದ ಬಳಿಕ ಈ ಶತಮಾನದ ಆರಂಭದಲ್ಲಿ ಸುಮಾರು ಹತ್ತು ಎಕರೆ ಅವರಿಗೆ ಮರಳಿತು. ಆ ನೆಲಕ್ಕೆ ನಗರದ ನಿಯಮಗಳು ಅನ್ವಯಿಸವು. 2022ರಿಂದ ಅಲ್ಲಿ ಅವರು 11 ಗೋಪುರಗಳನ್ನು, ಸುಮಾರು 6,000 ಬಾಡಿಗೆ ಮನೆಗಳನ್ನು ಕಟ್ಟಿಸುತ್ತಿದ್ದಾರೆ. ನೆರೆಯವರು ಕೆಲವರು, ಇಷ್ಟು ಎತ್ತರ ಈ ಪರಿಸರಕ್ಕೆ ಒಪ್ಪುವುದಿಲ್ಲವೆಂದರು. ಯಾವ ಪರಿಸರಕ್ಕೆ? ಸುಡುವ ಮುಂಚಿನದಕ್ಕೋ ಆಮೇಲಿನದಕ್ಕೋ?

ಟೊರಾಂಟೊ ಬಿಡುವ ಹಿಂದಿನ ವಾರ ತಂಗಿಯ ಜೊತೆ ಒಂದು ಸಭೆಗೆ ಹೋಗಿದ್ದೆ. ಅವಳ ಮನೆಯ ಪಕ್ಕದ ಮೂಲೆಯಲ್ಲಿ ನಲವತ್ತೆಂಟು ಅಂತಸ್ತಿನ ಮತ್ತೊಂದು ಗೋಪುರ ಬರಲಿದೆಯೆಂಬ ಫಲಕ ನಿಂತಿತ್ತು; ನಾಗರಿಕರ ಅಭಿಪ್ರಾಯ ಕೇಳಲು ಶಾಲೆಯೊಂದರ ಹಜಾರದಲ್ಲಿ ಕರೆದಿದ್ದರು. ಪರದೆಯ ಮೇಲೆ ನೆರಳಿನ ನಕ್ಷೆಗಳನ್ನು ತೋರಿಸಿದರು: ಮಾರ್ಚ್ 21, ಜೂನ್ 21, ಸೆಪ್ಟೆಂಬರ್ 21, ಗಂಟೆಗೊಂದು ಚಿತ್ರ. ಯಾವ ಹೊತ್ತಿನಲ್ಲಿ ಯಾರ ಮನೆಯ ಮೇಲೆ ಎಂಬುದೆಲ್ಲ ಬೂದುಬಣ್ಣದಲ್ಲಿ ಸ್ಪಷ್ಟವಾಗಿತ್ತು. ನನ್ನ ವಿದ್ಯಾರ್ಥಿನಿ ಅಲ್ಲಿರಬೇಕಾಗಿತ್ತು. ಮುದುಕಿಯೊಬ್ಬರು ಎದ್ದು ಡಿಸೆಂಬರಿನ ಚಿತ್ರವೆಲ್ಲಿ ಎಂದು ಕೇಳಿದರು. ನಲವತ್ತು ವರ್ಷ ಅದೇ ಬೀದಿಯಲ್ಲಿದ್ದೇನೆ, ಅಡಿಗೆಮನೆಯ ಕಿಟಕಿಯಲ್ಲಿ ಬೆಳೆಸುವ ಗಿಡಗಳೇನಾಗಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. ತಂಗಿಯೂ ತಟ್ಟಿದಳು, ಸರೋವರದ ವಿಷಯ ಹೇಳಬೇಕೆಂದು ಅವಳು ಒಂದು ಹಾಳೆ ಬರೆದುಕೊಂಡು ಬಂದಿದ್ದಳು.

ಅವಳ ಸರದಿಗೆ ಮುಂಚೆ ಬಾಗಿಲ ಬಳಿ ನಿಂತಿದ್ದ ಹುಡುಗನೊಬ್ಬ ಮಾತನಾಡಿದ. ಇದೇ ಬೀದಿಯ ಮನೆಯೊಂದರ ನೆಲಮಾಳಿಗೆಯಲ್ಲಿ ಇನ್ನಿಬ್ಬರೊಡನೆ ಬಾಡಿಗೆಗೆ ಇದ್ದಾನಂತೆ. “ನೆರಳಿನ ಮಾತು ಕೇಳುತ್ತಿದ್ದೇನೆ. ನನ್ನ ಕೋಣೆಗೆ ಯಾವ ತಿಂಗಳಲ್ಲೂ ಬಿಸಿಲು ಬರುವುದಿಲ್ಲ,” ಎಂದು ಇಷ್ಟೇ ಹೇಳಿ ಕುಳಿತ. ಚಪ್ಪಾಳೆ ಬೀಳಲಿಲ್ಲ.

ಅಧಿಕಾರಿಗಳು ತಂಗಿಯ ಹೆಸರು ಕರೆದರು. ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿ, ಬರೆದು ಕಳಿಸುತ್ತೇನೆಂದು ಕೈಸನ್ನೆ ಮಾಡಿದಳು. ಹಿಂದಿರುಗುವಾಗ ಲಿಫ್ಟಿನಲ್ಲಿ, “ಏನಂತ ಬರೆಯಲಿ ಅಣ್ಣಾ?” ಎಂದು ಕೇಳಿದಳು. ಮೂವತ್ತೊಂದನೆಯ ಅಂತಸ್ತು ಬರುವವರೆಗೂ ನಾನು ಯೋಚಿಸುತ್ತಲೇ ಇದ್ದೆ.