ಚಕ್ರದ ಗಾಳಿ, ಎಳೆಯುವವನ ತೋಳು



ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆ ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಹೆಣಿಗೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ, ಹೊಲಿಗೆ ಮತ್ತೊಂದು ಕಡೆ. ನಮ್ಮ ಅಂಗಡಿಯಿಂದಲೂ ನೂಲಿನ ಮೂಟೆಗಳು ಕೈಗಾಡಿಯಲ್ಲಿ ಹೋಗುತ್ತವೆ. ಮೊಳೆ ಚುಚ್ಚಿ ಪದೇ ಪದೇ ಪಂಕ್ಚರ್. ಬೇಸತ್ತು ಕಳೆದ ವರ್ಷ ಗಾಳಿಯೇ ಬೇಡದ ಗಟ್ಟಿ ರಬ್ಬರಿನ ಚಕ್ರ ಹಾಕಿಸಿದೆ. ಖರ್ಚು ಉಳಿಯಿತೆಂದು ಹಿಗ್ಗಿದೆ.

ಎರಡು ತಿಂಗಳಲ್ಲಿ ಗಾಡಿ ಎಳೆಯುವ ಹಿರಿಯ ಹಮಾಲಿ ತೋಳು ಹಿಡಿದುಕೊಂಡು ಬಂದ. “ಮೊದಲಾಳಿ, ಗುಂಡಿಗೆ ಇಳಿದ ಚಕ್ರ ಸುಲಭವಾಗಿ ಮೇಲೇಳುವುದಿಲ್ಲ. ಪೆಟ್ಟೆಲ್ಲ ನನಗೇ ಬರುತ್ತದೆ” ಎಂದ.

ಅವನ ಮಾತು ನಿಜ. ಗಾಳಿ ಟೈರು ಕಲ್ಲಿನ ಮೇಲೆ ತಾನೇ ಕುಗ್ಗಿ ದಾಟುತ್ತದೆ. ಗಟ್ಟಿ ಚಕ್ರ ಅಷ್ಟು ಕುಗ್ಗದು; ಪ್ರತಿ ಕಲ್ಲಿಗೂ ಹೊರೆಯನ್ನು ಮೇಲೆತ್ತಬೇಕು. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರು ಕಟ್ಟಿದ್ದು ಗಟ್ಟಿ ಚಕ್ರದ ಕುಲುಕಾಟ ತಪ್ಪಿಸಲೆಂದೇ. ಆತ ವೃತ್ತಿಯಲ್ಲಿ ಪಶುವೈದ್ಯ.

ಗಾಳಿ ಇಲ್ಲದ ಟೈರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಗೋದಾಮಿನ ನುಣುಪಾದ ನೆಲದ ಮೇಲೆ ಓಡುವ ಫೋರ್ಕ್‌ಲಿಫ್ಟಿಗೆ ಗಟ್ಟಿ ಟೈರೇ ಸರಿ. ಗುಜರಿ ಅಂಗಳ, ಗಣಿಗಳ ಲೋಡರಿಗೆ ಟೈರಿನೊಳಗೆ ಪಾಲಿಯುರಿಥೇನ್ ದ್ರವ ತುಂಬುತ್ತಾರೆ. ಅದು ಒಳಗೇ ರಬ್ಬರಿನಂತೆ ಗಟ್ಟಿಯಾಗುತ್ತದೆ. ಮೊಳೆಗೆ ಅಂಜಬೇಕಿಲ್ಲ, ಆದರೆ ತೂಕ ಬಹಳ. ಮಿಶೆಲಿನ್ ಕಂಪನಿ ಕಡ್ಡಿಗಳೇ ಬಾಗಿ ಭಾರ ತಡೆಯುವ ಟೈರನ್ನು 2005ರಲ್ಲಿ ತೋರಿಸಿತು. ಕಾರಿಗೆಂದು ಮಾಡಿದ ಇನ್ನೊಂದನ್ನು 2019ರಲ್ಲಿ ಪ್ರದರ್ಶಿಸಿತು. ಎಂಜಿನ್ ಎಳೆಯುವಲ್ಲಿ ಇವೆಲ್ಲ ಸರಿ. ಜೀವ ಎಳೆಯುವಲ್ಲಿ ಲೆಕ್ಕ ಬೇರೆ.

ಕಾಂಗೇಯಂ ಎತ್ತುಗಳ ನಾಡು ನಮ್ಮದು. ಕಬ್ಬಿಣದ ಪಟ್ಟಿಯ ಮರದ ಚಕ್ರ ಹೋಗಿ ಗಾಳಿ ಟೈರು ಬಂದಾಗ ಎತ್ತಿನ ಶ್ರಮ ತಗ್ಗಿತು. ಆದರೆ ಎಳೆತ ಹಗುರವಾಯಿತೆಂದು ಮೂಟೆ ಹೆಚ್ಚಿಸಿದವರೂ ಉಂಟು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅಂದರೆ ಮಿತಿಮೀರಿ ಹೊರೆ ಹೇರುವುದೂ ಒಂದು. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆ. ಅದು ಎತ್ತಿಗೆ ಮಾತ್ರ ಎಂದುಕೊಂಡಿದ್ದೆ.

ಈಗ ಗಾಡಿಗೆ ಮತ್ತೆ ಗಾಳಿ ಟೈರು ಹಾಕಿಸಿದ್ದೇನೆ. ಸರದಿಗೆ ಎರಡು ಮೂಟೆ ಕಡಿಮೆ ಮಾಡಿದ್ದೇನೆ. ಮೊದಲು ನಾನು ಉಳಿಸಿದ ಪಂಕ್ಚರಿನ ದುಡ್ಡನ್ನು ಅವನು ತೋಳಿನಿಂದ ಕಟ್ಟುತ್ತಿದ್ದ. ಈಗ ಅದು ಅಂಗಡಿಯ ಖರ್ಚಿನಲ್ಲೇ ಬರೆಯಲ್ಪಡುತ್ತಿದೆ.