ಕಥೆಯ ಬಾಗಿಲಿನಿಂದ ಕಾಗುಣಿತದ ಮನೆಗೆ

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದದ್ದು ಅಲ್ಲಿದ್ದ ಬ್ರಿಟಿಷ್ ರೆಸಿಡೆಂಟರ ಭವ್ಯ ನಿವಾಸದಿಂದ. ಕೋಠಿ ಎಂದರೆ ದೊಡ್ಡ ಮನೆ, ಬಂಗಲೆ. ಅದೇ ಪದವನ್ನು ಮಹಾಪ್ರಾಣವಿಲ್ಲದೆ ಉಚ್ಚರಿಸಿದರೆ ಕೋಟಿಯಾಗುತ್ತದೆ. ನೂರು ಲಕ್ಷದ ಎಣಿಕೆಯಾಗುತ್ತದೆ, ಗೋವಿನ ಹಾಡಿನ ಪುಣ್ಯಕೋಟಿಯ ನೆನಪಾಗುತ್ತದೆ. ಒಂದು ಉಸಿರಿನ ಹೆಚ್ಚು ಕಡಿಮೆಯಿಂದ ಅರ್ಥವೇ ಬೇರೆಯಾಗುವ ಈ ಸಂಗತಿಯನ್ನು ಕೋಠಿಯ ಆಸುಪಾಸಿನಲ್ಲಿ ಬೆಳೆಯುವ ಎಷ್ಟು ಕನ್ನಡ ಮಕ್ಕಳು ಬರಹದಲ್ಲಿ ತೋರಿಸಬಲ್ಲರು? ಮನೆಯಲ್ಲಿ ಕನ್ನಡವಾಡಿಯೂ ಅಜ್ಜಿಯ ಕಾಗದವನ್ನು ಓದಲಾರದ ಮಕ್ಕಳು ಹೊರನಾಡಿನಲ್ಲಿ ಬೆಳೆಯುತ್ತಿರುವಾಗ ಈ ಪ್ರಶ್ನೆ ಸಣ್ಣದಲ್ಲ.

ಹೈದರಾಬಾದಿನಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿತ್ತು. 1934ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಅದೇ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಪಂಜೆ ಮಂಗೇಶರಾಯರು. ಅವರು ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಮಕ್ಕಳ ಮನಸ್ಸನ್ನು ಬಲ್ಲವರು. ಮಕ್ಕಳಿಗಾಗಿಯೇ ಕಥೆ ಕವಿತೆಗಳನ್ನು ರಚಿಸಿದವರು. ಮಗುವಿಗೆ ಭಾಷೆಯ ರುಚಿ ಹತ್ತುವುದು ಕಥೆಯಿಂದ ಎಂಬುದನ್ನು ಅವರ ಬರಹವೇ ಸಾರುತ್ತದೆ.

ಇಂದಿನ ಮಗುವಿನ ಹೊರೆ ದೊಡ್ಡದು. 2018ರ ಕಾಯಿದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಗಿದೆ. ಅದರೊಡನೆ ಇಂಗ್ಲಿಷು, ಹಿಂದಿಗಳೂ ಇವೆ. ಹೀಗಾಗಿ ಅನೇಕ ಮಕ್ಕಳ ಪಾಲಿಗೆ ಕನ್ನಡದ ಓದುಬರಹವೆಂದರೆ ಮನೆಯವರ ಬಿಡುವಿಗೂ ಸಂಘದ ರಜಾದಿನದ ತರಗತಿಗೂ ಬಿಟ್ಟ ವಿಷಯ. ಆ ತರಗತಿಯಾದರೂ ಹೇಗೆ ಆರಂಭವಾಗುತ್ತದೆ? ಗೋಡೆಯ ಮೇಲೆ ನಲವತ್ತೊಂಬತ್ತು ಅಕ್ಷರಗಳ ಪಟ. ಅನಂತರ ಮೂವತ್ತನಾಲ್ಕು ವ್ಯಂಜನಗಳಿಗೆ ತಲಾ ಹದಿನೈದು ರೂಪಗಳಂತೆ ಐನೂರ ಹತ್ತು ಕಾಗುಣಿತಾಕ್ಷರಗಳು. ಅದರಾಚೆಗೆ ಒತ್ತಕ್ಷರಗಳ ಸಾಲು. ಒಂದು ಕಥೆಯನ್ನೂ ಓದುವ ಮೊದಲೇ ಮಗು ದಣಿಯುತ್ತದೆ. ಒತ್ತಕ್ಷರದ ಹೊತ್ತಿಗೆ ತರಗತಿಗೆ ಬರುವುದನ್ನೇ ಬಿಡುತ್ತದೆ. ಇದು ಮಗುವಿನ ಸೋಮಾರಿತನವಲ್ಲ. ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಹಲವು ವರ್ಷಗಳೇ ಬೇಕಾಗುತ್ತವೆ ಎಂಬುದನ್ನು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕರ್ನಾಟಕದ ಮಕ್ಕಳಲ್ಲಿಯೇ ಕಂಡಿದೆ. ಅಷ್ಟು ದೀರ್ಘವಾದ ದಾರಿಯಲ್ಲಿ ನಡೆಯಬೇಕಾದವನಿಗೆ ಬುತ್ತಿಯನ್ನು ಕೊನೆಯಲ್ಲಿ ಕೊಟ್ಟರೆ ಪ್ರಯೋಜನವೇನು?

ವರ್ಣಮಾಲೆಯ ಕ್ರಮ ಶಾಸ್ತ್ರೀಯವಾದುದು, ಅದನ್ನು ಕೆಡಿಸಬಾರದು ಎಂದು ಹಿರಿಯರು ಆಕ್ಷೇಪಿಸಬಹುದು. ಕಂಠದಿಂದ ತುಟಿಯವರೆಗೆ ಸಾಗುವ ಆ ಕ್ರಮದ ಸೊಗಸನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಕಲಿತವನಿಗೆ ಕಾಣುವ ಸೊಗಸು. ಕಲಿಯುವವನ ಮೊದಲ ಮೆಟ್ಟಿಲಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಡುತ್ತದೆ. ಅಷ್ಟನ್ನು ಕಲಿತ ಮಗು ಅರಸ, ಸರ, ಗರಗಸ ಎಂದು ಓದಬಲ್ಲದು.

ಹೊರನಾಡಿನಲ್ಲಿ ಈ ಕೆಲಸವನ್ನು ಒಂದು ಕಥೆಯಿಂದ ಸಾಧಿಸಬಹುದು. ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಳ್ಳೋಣ. ಮೊದಲು ಕಥೆ, ಮಗು ತಾನೇ ಮುಂದಿನದನ್ನು ಹೇಳುವಷ್ಟು ಸಲ ಕಥೆ. ಗೊಲ್ಲ, ಕೊಟ್ಟಿಗೆ, ಗವಿ, ಕೊಳಲು ಮೊದಲಾದ, ಫ್ಲ್ಯಾಟಿನ ಬದುಕಿನಲ್ಲಿ ಕಾಣಸಿಗದ ಪದಗಳು ಸಂದರ್ಭದೊಡನೆಯೇ ಮನಸ್ಸಿಗೆ ಇಳಿಯುತ್ತವೆ. ಅನಂತರ ಹುಲಿ, ಹಾಲು, ಕರು ಎಂಬ ಮೂರು ಪದಗಳನ್ನು ಬರೆದು ತೋರಿಸಬೇಕು. ಹ, ಲ, ಕ, ರ ಎಂಬ ನಾಲ್ಕು ವ್ಯಂಜನಗಳೂ ಆ, ಇ, ಉ ಸ್ವರಗಳ ಚಿಹ್ನೆಗಳೂ ಅಲ್ಲಿಯೇ ದೊರೆತವು. ಅಷ್ಟರಿಂದಲೇ ಕಾಲು, ಕುರಿ, ಹಾರು, ಕಲಿ ಎಂಬ ಹೊಸ ಪದಗಳನ್ನು ಮಗು ತಾನಾಗಿ ಓದುತ್ತದೆ. ಕರುವಿಗೆ ದೀರ್ಘ ಕೊಟ್ಟರೆ ಕಾರು. ಹುಲಿಯ ಲಕಾರ ಳಕಾರವಾದರೆ ಹುಳಿ. ಹಿಂದಿ ಉರ್ದುಗಳ ನಡುವೆ ಬೆಳೆದು ಳಕಾರವನ್ನು ಮರೆತ ನಾಲಿಗೆಗೆ ಈ ನಗೆಯೇ ಔಷಧ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಕೋಟಿ, ಕೋಠಿ ಎಂದರೆ ಮಹಾಪ್ರಾಣದ ಉಸಿರು ಚರ್ಮಕ್ಕೇ ತಾಗುತ್ತದೆ. ಗೊಲ್ಲ, ಬೆಟ್ಟಗಳಲ್ಲಿ ಸಜಾತೀಯ ಒತ್ತು, ಪುಣ್ಯ, ಸತ್ಯಗಳಲ್ಲಿ ವಿಜಾತೀಯ ಒತ್ತು ಕ್ರಮವಾಗಿ ಬರುತ್ತವೆ.

ಶಾಲೆಯ ತೆಲುಗನ್ನು ಶತ್ರುವೆಂದು ಭಾವಿಸಬೇಕಾಗಿಲ್ಲ. ಎರಡು ಲಿಪಿಗಳೂ ಒಂದೇ ಬಳ್ಳಿಯ ಕುಡಿಗಳು. ಕಕಾರ, ತಕಾರಗಳಂಥ ಬೇರೆಯಾಗಿ ಕಾಣುವ ಕೆಲವನ್ನು ಎಚ್ಚರದಿಂದ ತೋರಿಸಿದರೆ ಮಿಕ್ಕವು ಪರಿಚಿತ ಮುಖಗಳೇ. ತೆಲುಗಿನ ಪುಲಿ ಕನ್ನಡದ ಹುಲಿ, ಪಾಲು, ಹಾಲು, ಪುವ್ವು, ಹೂವು. ಹಳಗನ್ನಡದಲ್ಲಿ ಇವು ಪಕಾರದಿಂದಲೇ ಆರಂಭವಾಗುತ್ತಿದ್ದವು ಎಂದರೆ ಮಗುವಿಗೆ ನೆರೆಯ ಭಾಷೆಯೂ ನೆಂಟನಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಕಥೆ ಹೇಳಿದಷ್ಟಕ್ಕೇ ಅಕ್ಷರ ಬಾರದು. ಕಥೆಯ ಸವಿಯಲ್ಲಿ ಮೈಮರೆತು ಅಭ್ಯಾಸವನ್ನು ಕೈಬಿಟ್ಟರೆ ಮಗು ಚಿತ್ರ ನೋಡಿ ಊಹಿಸುವುದನ್ನು ಕಲಿತೀತೇ ಹೊರತು ಓದನ್ನಲ್ಲ. ಆದ್ದರಿಂದ ಪ್ರತಿಯೊಂದು ಪಾಠದ ಕೊನೆಗೂ ಕಥೆಯದೇ ಎರಡು ವಾಕ್ಯಗಳ ಉಕ್ತಲೇಖನವಿರಬೇಕು. ತಪ್ಪಿದ ಅಕ್ಷರವನ್ನು ಬೈಯದೆ, ಗಟ್ಟಿಯಾಗಿ ಓದಿಸಿ, ಕಿವಿಯಿಂದಲೇ ತಿದ್ದಿಸಬೇಕು. ಇಂಗ್ಲಿಷಿನಂತೆ ಅಕ್ಷರದ ಹೆಸರೊಂದು, ಧ್ವನಿಯೊಂದು ಎಂಬ ತೊಡಕು ಕನ್ನಡಕ್ಕೆ ಬಹುಮಟ್ಟಿಗೆ ಇಲ್ಲ. ಸರಿಯಾಗಿ ನುಡಿಯಬಲ್ಲ ಮಗು ಸರಿಯಾಗಿ ಬರೆಯಲೂ ಬಲ್ಲದು.

ಇದಕ್ಕೆ ಧನಸಂಗ್ರಹವೂ ಬೇಡ, ದೊಡ್ಡ ಸಭಾಂಗಣವೂ ಬೇಡ. ತಿಂಗಳಿಗೊಂದು ಕಥೆ, ಅದನ್ನು ಹೇಳಬಲ್ಲ ಒಬ್ಬ ಅಜ್ಜ ಅಥವಾ ಅಜ್ಜಿ, ಒಂದು ಕರಿಹಲಗೆ, ಇಷ್ಟು ಸಾಕು. ರಾಜ್ಯೋತ್ಸವದ ದಿನ ಬಾಯಿಪಾಠದ ಪದ್ಯವನ್ನೊಪ್ಪಿಸಿ ಬಹುಮಾನ ಪಡೆಯುವ ಮಕ್ಕಳನ್ನು ಕಂಡು ಹಿರಿಯರು ಹಿಗ್ಗುವುದು ಸಹಜ. ಆದರೆ ಹಿಂದೆಂದೂ ನೋಡದ ಒಂದು ಪುಟವನ್ನು ಆ ಮಕ್ಕಳ ಕೈಗಿತ್ತು ಓದಿಸುವ ಧೈರ್ಯ ಸಂಘಗಳಿಗೆ ಬರಬೇಕು. ಹಾಗಾಗದಿದ್ದರೆ ಇಂಥ ಸ್ಮರಣ ಸಂಚಿಕೆಗಳನ್ನು ಮುಂದಿನ ತಲೆಮಾರು ಜೋಪಾನವಾಗಿ ಕಪಾಟಿನಲ್ಲಿಟ್ಟೀತು, ತೆರೆದು ಓದಲಾರದು.