ಪುಟ್ಟಕ್ಕನ ಮೆಸ್ಸಲ್ಲಿ ಉಣ್ಣೋರು, ಸಾಕವ್ವನ ಮನೇಲಿ ಉಣ್ತೀರಾ?



ಶಿಡ್ಲಘಟ್ಟ ಕಡೆಯ ಸ್ನೇಹಿತರೊಬ್ಬರು, ಮೇಲ್ಜಾತಿಯವರು, ಮನುಷ್ಯ ಒಳ್ಳೆಯವರೇ, 'ಪುಟ್ಟಕ್ಕನ ಮಕ್ಕಳು' ಸೀರಿಯಲ್ಲಿನ ಉಮಾಶ್ರೀ ಫೋಟೋ ಹಾಕಿ "ನಮ್ಮವ್ವನ್ನೇ ನೋಡ್ದಂಗಾಯ್ತು" ಅಂತ ಬರೆದಿದ್ರು. ನಾನೂ ಲೈಕ್ ಒತ್ತಿದೆ. ಆಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಇದು.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ಕಥೆ. ಗಂಡು ಮಗು ಹೆರಲಿಲ್ಲ ಅಂತ ಗಂಡ ಕೈಬಿಟ್ಟ ಹೆಂಗಸು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕ್ತಾಳೆ. ಚಿಂತಾಮಣಿ, ಗೌರಿಬಿದನೂರು, ಯಾವ ಊರಿಗೆ ಹೋದ್ರೂ ಸಂಜೆ ಮನೆಮನೇಲೂ ಪುಟ್ಟಕ್ಕನ ದನಿ ಕೇಳ್ತಿತ್ತು. ಆದ್ರೆ ನನ್ನದೊಂದು ಸಣ್ಣ ಪ್ರಶ್ನೆ. ಆ ಪುಟ್ಟಕ್ಕ ನಮ್ಮ ಕೇರಿಯವಳು ಅಂತ ಸೀರಿಯಲ್‌ನೋರು ಒಂದೇ ಒಂದು ಎಪಿಸೋಡಲ್ಲಿ ಹೇಳಿಬಿಟ್ಟಿದ್ರೆ, ಆ ಮೆಸ್ಸಿಗೆ ಗಿರಾಕಿ ಬರ್ತಿದ್ರಾ?

ಕಥೇಲಿ ಬಿಡಿ, ನಿಜದಲ್ಲಿ ಹೇಳ್ತೀನಿ. 2007ರ ತನಕ ನಾವೆಲ್ಲ ಇದ್ದದ್ದು ಕೋಲಾರ ಜಿಲ್ಲೆಯಲ್ಲೇ. ಅದೇ ಕೋಲಾರದ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಶಾಲೆಯಲ್ಲಿ ದಲಿತ ಹೆಂಗಸು ಬಿಸಿಯೂಟ ಮಾಡ್ತಾರೆ ಅಂತ ಮಕ್ಕಳನ್ನ ಶಾಲೆ ಬಿಡಿಸಿಕೊಂಡು ಹೋದ ಸುದ್ದಿಯನ್ನ 2015ರಲ್ಲಿ ದೇಶವೇ ಓದ್ತು. ಆಕೆಯೂ ಅಡುಗೆ ಮಾಡಿ ಸಂಸಾರ ಸಾಕುವ ಹೆಂಗಸೇ. ಆಕೆಗೆ ಯಾರೂ ಅವ್ವ ಅನ್ನಲಿಲ್ಲ.

ಉಮಾಶ್ರೀ ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ತುಮಕೂರು ಜಿಲ್ಲೆ ನೊಣವಿನಕೆರೆಯ ಹೆಣ್ಣುಮಗಳು, ಚಿಕ್ಕಂದಿನಲ್ಲೇ ಅಪ್ಪ ಅಮ್ಮನ್ನ ಕಳಕೊಂಡವರು, ನಾಟಕ ಮಾಡ್ಕೊಂಡೇ ಒಂಟಿಯಾಗಿ ಮಕ್ಕಳನ್ನ ಬೆಳೆಸಿದವರು. ಪುಟ್ಟಕ್ಕನ ಬದುಕನ್ನ ಅವರು ಬೇರೆ ಎಲ್ಲೂ ಹುಡುಕಬೇಕಾಗಿರಲಿಲ್ಲ. 1984ರ 'ಅನುಭವ' ಆದ್ಮೇಲೆ ಸಿನಿಮಾದವರು ವರ್ಷಗಟ್ಟಲೆ ಅವರಿಗೆ ಡಬಲ್ ಮೀನಿಂಗ್ ಕಾಮಿಡಿಯನ್ನೇ ಕೊಟ್ರು. ಆ ಡೈಲಾಗ್ ಬರೆದೋರು ಗಂಡಸರು, ಶಿಳ್ಳೆ ಹೊಡೆದೋರು ಗಂಡಸರು, ಕೆಟ್ಟ ಹೆಸರು ಮಾತ್ರ ಆಕೆಗೆ! 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದವರನ್ನ ಇವತ್ತಿಗೂ ಆ ಸೀನುಗಳ ಹೆಸರಲ್ಲಿ ಆಡಿಕೊಳ್ಳೋರಿದ್ದಾರೆ. ನಮ್ಮ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡೋವಾಗ ದ್ರೌಪದಿ ಪಾರ್ಟಿಗೆ ದುಡ್ಡು ಕೊಟ್ಟು ಕರೆಸ್ತೀವಲ್ಲ, ಆ ಹೆಣ್ಣುಮಕ್ಕಳಿಗೂ ಇದೇ ಗತಿ. ಸ್ಟೇಜ್ ಮೇಲೆ ಕೈಮುಗೀತೀವಿ, ಇಳಿದ್ಮೇಲೆ ಏನಂತೀವಿ ಅನ್ನೋದು ಎಲ್ಲರಿಗೂ ಗೊತ್ತು. ನಮ್ಮವರೂ ಇದಕ್ಕೆ ಹೊರತಲ್ಲ.

ನನ್ನ ತಕರಾರು ಇರೋದು ನೋಡುವವರ ಮೇಲೆ. ಇದೇ ಉಮಾಶ್ರೀ ಇನ್ನೂ ಚಿಕ್ಕ ವಯಸ್ಸಲ್ಲೇ ಮುದುಕಿ ಸಾಕವ್ವ ಆಗಿದ್ರು. ದೇವನೂರ ಮಹಾದೇವರ 'ಒಡಲಾಳ'ವನ್ನ ಸಿಜಿಕೆ ರಂಗಕ್ಕೆ ತಂದಾಗ. ಕಳೆದುಹೋದ ಹುಂಜ ಹುಡುಕೋ ನಮ್ಮ ಅಜ್ಜಿ. ಸಾವ್ಕಾರನ ಮನೆಯಿಂದ ಬಂದ ಕಡ್ಲೆಕಾಯಿ ಮೂಟೆ, ಮನೆಮಂದಿಯೆಲ್ಲ ರಾತ್ರಿಯಿಡೀ ಕೂತು ತಿನ್ನೋದು, ಬೆಳಿಗ್ಗೆ ಪೊಲೀಸರು. ಕಡ್ಲೆಕಾಯಿ ಬೆಳೆಯೋ ಸೀಮೆಯವರಾದ ನಮಗೆ ಆ ಹಸಿವು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮುಖ, ಅದೇ ದನಿ. ಸಾಕವ್ವನ ಫೋಟೋ ಹಾಕಿ "ನಮ್ಮವ್ವ" ಅಂದ ಮೇಲ್ಜಾತಿ ಗೆಳೆಯರು ಎಷ್ಟು ಜನ?

'ಗುಲಾಬಿ ಟಾಕೀಸ್' ನೋಡಿದ್ರೆ ನೆನಪಿರುತ್ತೆ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಕಾಸರವಳ್ಳಿ ಸಿನಿಮಾ. ಮುಸ್ಲಿಂ ಸೂಲಗಿತ್ತಿ ಗುಲಾಬಿ ಮನೆಗೆ ಟಿವಿ ಬರುತ್ತೆ. ಊರ ಹೆಂಗಸರಿಗೆ ಟಿವಿ ಬೇಕು, ಆದ್ರೆ ಕೆಲವರು ಒಳಗೆ ಬರಲ್ಲ, ಹೊರಗೇ ನಿಂತು ನೋಡ್ತಾರೆ. ಈಗ ಎಲ್ಲರ ಮನೇಲೂ ಟಿವಿ ಇದೆ, ಹೊರಗೆ ನಿಲ್ಲೋ ಕಷ್ಟ ತಪ್ಪಿದೆ ಅಷ್ಟೇ.

ಇನ್ನು ನಮ್ಮವರಿಗೆ ಒಂದು ಮಾತು. ಸಾಕವ್ವನ ಪಾತ್ರ ಮಾಡಿದ ಉಮಾಶ್ರೀ ನಮ್ಮ ಕೇರಿಯವರಲ್ಲ. ಅವರು ಮಾಡಿದ್ದು ತಪ್ಪಲ್ಲ. ಆದ್ರೆ ಇಷ್ಟು ವರ್ಷದಲ್ಲಿ ನಮ್ಮ ಹೆಣ್ಣುಮಕ್ಕಳನ್ನ ಸ್ಟೇಜ್ ಹತ್ತಿಸೋಕೆ ನಾವೇನು ಮಾಡಿದ್ವಿ? ಹಾಡೋಕೆ ಕರೀತೀವಿ, ಪಾತ್ರ ಅಂದ್ರೆ ಅಣ್ಣತಮ್ಮಂದಿರೇ ಬೇಡ ಅಂತಾರೆ.

ಬರೋ ಏಪ್ರಿಲ್ 14ಕ್ಕೆ ಡಿಜೆಗೆ ಅಂತ ಎತ್ತೋ ಚಂದಾದಲ್ಲಿ ಅರ್ಧ ನಾಟಕಕ್ಕೆ ಕೊಡಿ. 'ಒಡಲಾಳ' ಆಡೋಣ, ಊರೊಳಗೇ ಆಡೋಣ. ಸಾಕವ್ವನ ಪಾತ್ರಕ್ಕೆ ನಮ್ಮ ಹೆಣ್ಣುಮಕ್ಕಳೇ ಬರಲಿ. ಚಿಕ್ಕಬಳ್ಳಾಪುರದಲ್ಲಿ ಭಾನುವಾರದ ರಿಹರ್ಸಲ್‌ಗೆ ಜಾಗ ನಾನು ನೋಡ್ತೀನಿ. ಬರೋರು ಕೆಳಗೆ ಹೆಸರು ಹಾಕಿ.